ಇಳಿಜಾರಿನ ಊರಿನಲ್ಲಿ ಹಿಡಿಯದ ಬ್ರೇಕು

ನೀಲಗಿರಿಯಲ್ಲಿ ನೆಲೆಸಿದ ಕನ್ನಡ ಮನೆಗಳಿಗೆ ಸೈಕಲ್ಲೆಂಬುದು ಬಹುಕಾಲ ಬಯಲುಸೀಮೆಯ ವಸ್ತುವಾಗಿಯೇ ಉಳಿದಿತ್ತು. ರಜೆಯಲ್ಲಿ ಗುಂಡ್ಲುಪೇಟೆಗೋ ನಂಜನಗೂಡಿಗೋ ನಂಟರ ಮನೆಗೆ ಹೋದಾಗ, ಅಂಗಳದಲ್ಲಿ ನಿಂತ ಅಟ್ಲಾಸನ್ನೋ ಹರ್ಕ್ಯುಲಿಸನ್ನೋ ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ ತುಳಿದು, ಮೊಣಕಾಲು ತರಚಿಕೊಂಡು ಬಂದರೆ ಆ ವರ್ಷದ ಸವಾರಿ ಮುಗಿದಂತೆ. ಉದಕಮಂಡಲದಲ್ಲಿ ಮನೆಯ ಬಾಗಿಲು ದಾಟಿದವನು ಒಂದೋ ಏರಬೇಕು, ಇಲ್ಲವೇ ಇಳಿಯಬೇಕು. ರಾಡ್ ಬ್ರೇಕಿನ ಆ ಭಾರದ ಸೈಕಲ್ಲುಗಳನ್ನು ಇಲ್ಲಿ ಏರಿಸುವುದು ಕಷ್ಟ. ಇಳಿಸುವುದು ಅದಕ್ಕಿಂತಲೂ ಕಷ್ಟ.

ಗೇರಿನ ಸೈಕಲ್ಲುಗಳು ಬಂದ ಮೇಲೆ ಈ ಮಾತು ಬದಲಾಗಿದೆ. ‘ಟೂರ್ ಆಫ್ ನೀಲಗಿರೀಸ್’ ಎಂಬ ಸೈಕಲ್ ಯಾತ್ರೆ 2008ರಲ್ಲಿ ಆರಂಭವಾದಂದಿನಿಂದ, ಮೈಗಂಟಿದ ಬಣ್ಣದ ಉಡುಪು ತೊಟ್ಟವರು ಮಸಿನಗುಡಿಯ ಕಡೆಯಿಂದ ಕಲ್ಹಟ್ಟಿಯ ಘಾಟಿಯನ್ನು ಏದುಸಿರು ಬಿಡುತ್ತ ಏರಿ ಬರುವ ದೃಶ್ಯ ನಮಗೆ ಹೊಸದಲ್ಲ. ಅವರನ್ನು ಕಂಡ ನಮ್ಮ ಮಕ್ಕಳಿಗೂ ಸೈಕಲ್ಲಿನ ಹುಚ್ಚು ಹತ್ತಿದೆ. ಇದು ಸಂತೋಷದ ಸಂಗತಿಯೇ. ಆದರೆ ಏರಿದವನು ಇಳಿಯಲೂಬೇಕಷ್ಟೆ. ಏರುವಾಗ ಸೈಕಲ್ಲಿನಲ್ಲಿ ಏನೇ ಕೊರತೆಯಿದ್ದರೂ ಕಾಲುನೋವಿನಲ್ಲಿ ಮುಗಿಯುತ್ತದೆ. ಇಳಿಯುವಾಗಿನ ಕೊರತೆ ಹಾಗೆ ಮುಗಿಯುವುದಿಲ್ಲ.

ಈ ಲೇಖನಕ್ಕೆ ಕಾರಣನಾದವನು ನಮ್ಮ ಅಕ್ಕನ ಮಗ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ಕಳೆದ ಬೇಸಿಗೆಯ ರಜೆಯಲ್ಲಿ ಸೈಕಲ್ಲನ್ನೂ ಬಸ್ಸಿಗೆ ಹಾಕಿಸಿಕೊಂಡು ನಮ್ಮಲ್ಲಿಗೆ ಬಂದ. ದಪ್ಪ ಟೈರು, ಎರಡು ಚಕ್ರಕ್ಕೂ ಡಿಸ್ಕ್ ಬ್ರೇಕು, ನೋಡುವುದಕ್ಕೆ ಬಲು ಗಂಭೀರವಾದ ಸೈಕಲ್ಲು. ತಲೈಕುಂದದಿಂದ ಕಲ್ಹಟ್ಟಿಯ ಹಾದಿಯಾಗಿ ಮಸಿನಗುಡಿಗೆ ಇಳಿಯಬೇಕೆಂಬುದು ಅವನ ಮನಸ್ಸು. ರಾತ್ರಿ ಊಟಕ್ಕೆ ಕುಳಿತಾಗ, ಸಾರು ಕಲಸಿಕೊಳ್ಳುತ್ತ, ತೀರಾ ಸಾಮಾನ್ಯ ಸಂಗತಿಯೆಂಬಂತೆ ಹೇಳಿದ: “ಹಿಂದಿನ ಬ್ರೇಕು ಸ್ವಲ್ಪ ಹಿಡಿಯೋದಿಲ್ಲ ಮಾವ. ಮುಂದಿನದು ಚೆನ್ನಾಗಿದೆ, ಪರವಾಗಿಲ್ಲ.”

ಆ ‘ಪರವಾಗಿಲ್ಲ’ ನಮ್ಮ ನಿದ್ದೆ ಕೆಡಿಸಿತು.

ಕಲ್ಹಟ್ಟಿ ಎಂದರೆ ಕಲ್ಲಿನ ಹಟ್ಟಿ. ಬಡಗರ ಊರುಗಳ ಹೆಸರಿನ ಕೊನೆಯಲ್ಲಿ ಬರುವ ಈ ಹಟ್ಟಿ ಎಂಬ ಶಬ್ದ ಕನ್ನಡಿಗರಿಗೆ ಅರ್ಥ ಹೇಳಿಸಿಕೊಳ್ಳಬೇಕಾದದ್ದಲ್ಲ. ಉದಕಮಂಡಲದ ಎತ್ತರ ಸುಮಾರು 2,240 ಮೀಟರ್. ಮಸಿನಗುಡಿ ಅದಕ್ಕಿಂತ 1,200 ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. ಸುಮಾರು 30 ಕಿಲೋಮೀಟರಿನ ಹಾದಿಯಾದರೂ, ಇಳಿತದ ಬಹುಪಾಲು ತಲೈಕುಂದದಿಂದ ಸೀಗೂರಿನವರೆಗಿನ ಘಾಟಿಯೊಳಗೇ, 36 ಹೇರ್‌ಪಿನ್ ತಿರುವುಗಳಲ್ಲಿ ಮುಗಿದುಹೋಗುತ್ತದೆ. 2018ರ ಅಕ್ಟೋಬರಿನಲ್ಲಿ ಚೆನ್ನೈನಿಂದ ಬಂದಿದ್ದ ಪ್ರವಾಸಿಗರ ಕಾರೊಂದು ಇಲ್ಲಿ ಕಂದಕಕ್ಕೆ ಉರುಳಿ ಐವರು ಮೃತಪಟ್ಟುದು ಓದುಗರಿಗೆ ನೆನಪಿರಬಹುದು. ಆ ಬಳಿಕ ಹೊರಗಿನ ವಾಹನಗಳು ಈ ದಾರಿಯಲ್ಲಿ ಇಳಿಯುವುದನ್ನು ಪೊಲೀಸರು ನಿರ್ಬಂಧಿಸುತ್ತ ಬಂದಿದ್ದಾರೆ. ಸೈಕಲ್ಲಿನವರು ಕೂಡ ಹೊರಡುವ ದಿನ ಚೆಕ್‌ಪೋಸ್ಟಿನಲ್ಲಿ ವಿಚಾರಿಸಿಕೊಂಡೇ ಮುಂದುವರಿಯುವುದು ಯುಕ್ತ.

ಘಾಟಿಯಲ್ಲಿ ಕಾರು ಇಳಿಸುವವನು ಒಂದನೆಯ ಅಥವಾ ಎರಡನೆಯ ಗೇರಿನಲ್ಲಿಟ್ಟು ಇಳಿಸುತ್ತಾನೆ. ಆಗ ಇಂಜಿನ್ನೇ ಗಾಡಿಯನ್ನು ಹಿಂದಕ್ಕೆ ಜಗ್ಗಿ ಹಿಡಿಯುತ್ತದೆ. ಬ್ರೇಕಿಗೆ ಅರ್ಧ ಕೆಲಸ ಉಳಿಯುತ್ತದೆ. ಸೈಕಲ್ಲಿಗೆ ಈ ಸೌಭಾಗ್ಯವಿಲ್ಲ. ಅದರಲ್ಲಿ ಇಪ್ಪತ್ತೊಂದು ಗೇರಿದ್ದರೂ ಇಳಿಜಾರಿನಲ್ಲಿ ಒಂದೂ ಹಿಡಿಯುವುದಿಲ್ಲ. ಫ್ರೀವೀಲು ತನ್ನ ಪಾಡಿಗೆ ತಾನು ಕಟಕಟಿಸುತ್ತ ತಿರುಗುತ್ತದೆ. ಗಾಳಿಯ ತಡೆಯನ್ನು ಬಿಟ್ಟರೆ ಉಳಿದ ಭಾರವೆಲ್ಲ ಆ ಎರಡು ಬ್ರೇಕುಗಳ ಮೇಲೆಯೇ. ಸವಾರ, ಸೈಕಲ್ಲು, ಬೆನ್ನುಚೀಲ ಸೇರಿ 90 ಕಿಲೋಗ್ರಾಂ ಎಂದಿಟ್ಟುಕೊಂಡರೆ, 1,200 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಹತ್ತು ಲಕ್ಷ ಜೂಲ್‌ಗಳನ್ನು ಮೀರುತ್ತದೆ. ಗೃಹಿಣಿಯರಿಗೆ ತಿಳಿಯುವ ಲೆಕ್ಕದಲ್ಲಿ ಹೇಳುವುದಾದರೆ, ಮೂರು ಲೀಟರ್ ತಣ್ಣೀರನ್ನು ಕುದಿ ಬರಿಸುವಷ್ಟು ಶಾಖ. ನಿಧಾನವಾಗಿ ಇಳಿಯುವವನ ಸೈಕಲ್ಲಿನಲ್ಲಿ ಇದರ ಬಹುಭಾಗವನ್ನು ಅಂಗೈಯಗಲದ ಎರಡು ತೆಳು ಉಕ್ಕಿನ ತಟ್ಟೆಗಳು ನುಂಗಿ ಗಾಳಿಗೆ ಬಿಡಬೇಕು. ಒಂದು ತಟ್ಟೆ ಕೆಲಸ ಮಾಡದಿದ್ದರೆ ಅದರ ಪಾಲೂ ಇನ್ನೊಂದರ ತಲೆಯ ಮೇಲೆ ಬೀಳುತ್ತದೆ. ಅಲ್ಲದೆ ತಿರುವಿನಲ್ಲಿ ಮರಳೋ ಒದ್ದೆ ಎಲೆಯೋ ಬಿದ್ದಿದ್ದಾಗ ಮುಂದಿನ ಚಕ್ರವನ್ನು ಬಿಗಿಹಿಡಿದರೆ ಅದು ಜಾರಿ ಸವಾರ ನೆಲಕ್ಕೊರಗುವುದು ಒಂದು ಕ್ಷಣದ ಮಾತು. ಅಲ್ಲಿ ಹಿಂದಿನ ಬ್ರೇಕೇ ಗತಿ.

ನಮ್ಮ ಬೆಟ್ಟದ ರೈಲನ್ನು ಕಂಡವರಿಗೆ ಈ ಎಚ್ಚರ ಅತಿಯೆನಿಸಲಾರದು. 1908ರಲ್ಲಿ ಉದಕಮಂಡಲವನ್ನು ಮುಟ್ಟಿದ ಆ ಹಳಿ, ಕಲ್ಲಾರು-ಕೂನೂರುಗಳ ನಡುವೆ 12 ಅಡಿಗೆ ಒಂದು ಅಡಿಯಷ್ಟು ಕಡಿದಾಗಿದೆ. ಅಲ್ಲಿ ಇಂಜಿನ್ನಿನ ಬ್ರೇಕನ್ನು ಮಾತ್ರ ನಂಬಿ ಗಾಡಿ ಇಳಿಸುವುದಿಲ್ಲ. ಒಂದೊಂದು ಡಬ್ಬಿಗೂ ಒಬ್ಬೊಬ್ಬ ಬ್ರೇಕಿನಾಳು ನಿಂತಿರುತ್ತಾನೆ.

ಬೆಳಿಗ್ಗೆ ಎದ್ದವರೇ ಸೈಕಲ್ಲನ್ನು ಅಂಗಳಕ್ಕಿಳಿಸಿದೆವು.

ನಿಜವಾಗಿಯೂ ದುರ್ಬಲವೇ?

ಡಿಸ್ಕ್ ಬ್ರೇಕು ಹೊಸ ಕಾಲದ್ದೆಂದು ತೋರಿದರೂ ಅದರ ಕಲ್ಪನೆ ಹಳೆಯದು. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬಾತ ಮೋಟಾರುಗಾಡಿಗೆಂದು 1902ರಲ್ಲೇ ಪೇಟೆಂಟು ಪಡೆದಿದ್ದ. ಅದು ಜಗತ್ತಿನ ಕಣ್ಣಿಗೆ ಬಿದ್ದದ್ದು 1953ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದಾಗ. ರಸ್ತೆ ಪಂದ್ಯದ ಸೈಕಲ್ಲುಗಳಿಗೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಇದನ್ನು ಪೂರ್ಣವಾಗಿ ಒಪ್ಪಿದ್ದು 2018ರಲ್ಲಿ. ರಚನೆ ಸರಳ: ಚಕ್ರದ ಗುಂಬಕ್ಕೆ ಒಂದು ಉಕ್ಕಿನ ತಟ್ಟೆ, ಆ ತಟ್ಟೆಯ ಇಕ್ಕೆಲಗಳಲ್ಲಿ ಎರಡು ಪ್ಯಾಡು, ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರು. ಹ್ಯಾಂಡಲ್ಲಿನ ಹಿಡಿಯನ್ನು ಅಮುಕಿದಾಗ ಪ್ಯಾಡುಗಳು ತಟ್ಟೆಯನ್ನು ಚಿಮ್ಮಟದಂತೆ ಹಿಡಿಯುತ್ತವೆ. ಕೈಯ ಎಳೆತವನ್ನು ಕ್ಯಾಲಿಪರಿಗೆ ಮುಟ್ಟಿಸುವುದು ಕೆಲವದರಲ್ಲಿ ಕೇಬಲ್ಲು, ಕೆಲವದರಲ್ಲಿ ಕೊಳವೆಯೊಳಗಿನ ಎಣ್ಣೆ. ನಮ್ಮ ಹುಡುಗನದು ಕೇಬಲ್ಲಿನದು. ಸಾಧಾರಣ ಬೆಲೆಯ ಸೈಕಲ್ಲುಗಳಲ್ಲಿ ಹೆಚ್ಚಾಗಿ ಇರುವುದೂ ಅದೇ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಹಿಂದಿನ ಬ್ರೇಕು ದುರ್ಬಲವೆಂದು ದೂರುವವರಲ್ಲಿ ಅನೇಕರ ಬ್ರೇಕು ಸರಿಯಾಗಿಯೇ ಇರುತ್ತದೆ. ಓಡುವ ಸೈಕಲ್ಲನ್ನು ತಡೆದಾಗ ಸವಾರನ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಹಿಂದಿನ ಚಕ್ರ ಹಗುರಾಗುತ್ತದೆ. ಹಗುರಾದ ಚಕ್ರಕ್ಕೆ ನೆಲದ ಮೇಲೆ ಹಿಡಿತ ಕಡಿಮೆ. ಆದ್ದರಿಂದ ಹಿಂದಿನದೊಂದನ್ನೇ ಹಿಡಿದು ನಿಲ್ಲಿಸಲು, ಮುಂದಿನದನ್ನು ಹಿಡಿದು ನಿಲ್ಲಿಸುವುದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ದೂರ ಬೇಕಾಗುತ್ತದೆ. ಇಳಿಜಾರಿನಲ್ಲಿ ಈ ಅಂತರ ಇನ್ನೂ ಹೆಚ್ಚು. ಇದು ಪ್ರಕೃತಿಯ ನಿಯಮವೇ ಹೊರತು ಯಂತ್ರದ ದೋಷವಲ್ಲ. ಎಷ್ಟು ರಿಪೇರಿ ಮಾಡಿಸಿದರೂ ಹೋಗುವಂಥದಲ್ಲ.

ದೋಷವೋ ಅಲ್ಲವೋ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಸಾಕು. ಒಣಗಿದ ಸಮನೆಲದಲ್ಲಿ ಸೈಕಲ್ಲಿನ ಪಕ್ಕ ನಿಂತು, ಹಿಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದು, ಸೈಕಲ್ಲನ್ನು ಮುಂದಕ್ಕೆ ತಳ್ಳಬೇಕು. ಬ್ರೇಕು ಸರಿಯಾಗಿದ್ದರೆ ಹಿಂದಿನ ಚಕ್ರ ಉರುಳದೆ ನೆಲವನ್ನು ಉಜ್ಜಿಕೊಂಡು ಬರುತ್ತದೆ. ಸೀಟಿನ ಮೇಲೆ ಕುಳಿತು ನಿಧಾನವಾಗಿ ಓಡಿಸುತ್ತ ಹಿಡಿದಾಗಲೂ ಚಕ್ರ ಕಚ್ಚಿ ನಿಲ್ಲಬೇಕು. ಹಾಗೆ ನಿಂತರೆ ಬ್ರೇಕಿನಲ್ಲಿ ಇನ್ನು ಕೇಳಬೇಕಾದ್ದೇನೂ ಇಲ್ಲ. ಯಾವ ಹಿಡಿ ಯಾವ ಚಕ್ರಕ್ಕೆಂಬುದನ್ನೂ ಆಗಲೇ ನೋಡಿಕೊಳ್ಳಬೇಕು. ಎಲ್ಲ ಸೈಕಲ್ಲುಗಳಲ್ಲೂ ಒಂದೇ ರೀತಿಯಲ್ಲಿರುವುದಿಲ್ಲ, ಎರವಲು ಸೈಕಲ್ಲಿನಲ್ಲಿ ಎಡವುವುದು ಹೀಗೆಯೇ.

ನಮ್ಮ ಹುಡುಗ ಹಿಡಿ ಅಮುಕಿ ತಳ್ಳಿದ. ಚಕ್ರ ಯಾವ ಸಂಕೋಚವೂ ಇಲ್ಲದೆ ಉರುಳಿತು. ಹಿಡಿ ಹ್ಯಾಂಡಲ್ಲಿನ ರಬ್ಬರಿಗೆ ತಗಲುವಷ್ಟು ಒಳಗೆ ಬಂದಿತ್ತು.

ಹಿಡಿ ಮೆತ್ತಗೋ, ಗಟ್ಟಿಯೋ

ಇಲ್ಲಿ ನಾವು ಓದುಗರಿಗೆ ಹೇಳಬೇಕಾದ ಮುಖ್ಯ ಮಾತು ಒಂದೇ. ಹಿಡಿಯದ ಬ್ರೇಕನ್ನು ಕಂಡೊಡನೆ ಸ್ಪ್ಯಾನರು ಎತ್ತಿಕೊಳ್ಳಬಾರದು. ಮೊದಲು ಹಿಡಿಯನ್ನು ಅಮುಕಿ ಕೈಗೆ ಏನು ತಿಳಿಯುತ್ತದೆಂದು ಗಮನಿಸಬೇಕು. ಹಿಡಿ ಮೆತ್ತಗೆ ಬಹುದೂರ ಒಳಗೆ ಬಂದರೆ, ಕೈಯ ಎಳೆತ ಪ್ಯಾಡಿನವರೆಗೆ ಮುಟ್ಟುತ್ತಿಲ್ಲವೆಂದು ಅರ್ಥ. ದೋಷ ಕೇಬಲ್ಲಿನಲ್ಲಿರಬೇಕು, ಅದರ ಹೊರಕವಚದಲ್ಲಿರಬೇಕು, ಇಲ್ಲವೇ ಸವೆದ ಪ್ಯಾಡಿನಲ್ಲಿರಬೇಕು. ಹಿಡಿ ಗಟ್ಟಿಯಾಗಿ ನಿಂತೂ ಸೈಕಲ್ಲು ನಿಲ್ಲದಿದ್ದರೆ ಎಳೆತ ಮುಟ್ಟಿದೆ, ಉಜ್ಜುವಿಕೆ ಹುಟ್ಟುತ್ತಿಲ್ಲ. ದೋಷ ಪ್ಯಾಡು-ತಟ್ಟೆಗಳ ಮೈಯಲ್ಲೇ ಇದೆ. ಇವೆರಡನ್ನು ಬೇರ್ಪಡಿಸಿ ನೋಡದವರು ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕುತ್ತಾರೆ.

ಹುಡುಗನ ಸೈಕಲ್ಲಿಗೆ ಆದದ್ದೂ ಅದೇ. ಮೈಸೂರಿನ ಅಂಗಡಿಯೊಂದರಲ್ಲಿ ಮೂರು ಸಲ ತೋರಿಸಿದ್ದನಂತೆ. ಮೂರು ಸಲವೂ ಅಲ್ಲಿಯವರು ಕೇಬಲ್ಲನ್ನು ಎಳೆದು ಬಿಗಿ ಮಾಡಿ ಕಳುಹಿಸಿದ್ದರು. ಪ್ರತಿಸಲವೂ ಒಂದು ವಾರ ಚೆನ್ನಾಗಿದ್ದು ಮತ್ತೆ ಮೊದಲಿನಂತಾಗುತ್ತಿತ್ತು. ಅಲ್ಲ, ಮೊದಲಿಗಿಂತ ಕೆಡುತ್ತಿತ್ತು.

ಕಾರಣ ತಿಳಿಯಬೇಕಾದರೆ ಬಗ್ಗಿ ಕ್ಯಾಲಿಪರನ್ನು ನೋಡಬೇಕು. ಕೇಬಲ್ಲು ಬಂದು ಸೇರುವಲ್ಲಿ ಒಂದು ಪುಟ್ಟ ತೋಳಿದೆ. ಕೇಬಲ್ಲು ಎಳೆದಾಗ ಆ ತೋಳು ತಿರುಗಿ ಒಳಗಿನ ಪ್ಯಾಡನ್ನು ತಟ್ಟೆಯತ್ತ ನೂಕುತ್ತದೆ. ಹಿಡಿಯನ್ನು ಮುಟ್ಟದಿರುವಾಗ ಈ ತೋಳು ತನ್ನ ವಿಶ್ರಾಂತಿಯ ಸ್ಥಾನದಲ್ಲಿ, ಪೂರ್ತಿ ಹಿಂದಕ್ಕೆ ಇರಬೇಕು. ಪ್ಯಾಡು ಸವೆದಂತೆ ತಟ್ಟೆಗೂ ಪ್ಯಾಡಿಗೂ ನಡುವಣ ಸಂದು ಹೆಚ್ಚುತ್ತದೆ. ಆ ಸಂದನ್ನು ಪ್ಯಾಡಿನ ಹತ್ತಿರವೇ ಮುಚ್ಚಬೇಕಲ್ಲದೆ ಕೇಬಲ್ಲನ್ನು ಜಗ್ಗಿ ಮುಚ್ಚಬಾರದು. ಕೇಬಲ್ಲನ್ನು ಜಗ್ಗಿದರೆ ತೋಳು ಮೊದಲೇ ಅರ್ಧ ತಿರುಗಿ ನಿಂತಿರುತ್ತದೆ. ಕೈ ಅಮುಕಿದಾಗ ಅದಕ್ಕೆ ತಿರುಗಲು ಉಳಿದಿರುವುದು ಇನ್ನರ್ಧ ಮಾತ್ರ. ಅದೂ ಮುಗಿದು ಕ್ಯಾಲಿಪರಿನ ಮೈಗೆ ತಾಗಿ ನಿಂತರೆ, ಸವಾರ ಭೀಮಸೇನನೇ ಆದರೂ ಪ್ಯಾಡಿನ ಒತ್ತಡ ಹೆಚ್ಚುವುದಿಲ್ಲ. ನಮ್ಮ ಹುಡುಗನ ಸೈಕಲ್ಲಿನ ತೋಳು ಅಕ್ಷರಶಃ ಹೀಗೆ ತಾಗಿ ನಿಂತಿತ್ತು.

ಮತ್ತೊಂದು ವಿಷಯ. ಇಂಥ ಸಾಧಾರಣ ಕ್ಯಾಲಿಪರುಗಳಲ್ಲಿ ಎರಡು ಪ್ಯಾಡುಗಳೂ ಚಲಿಸುವುದಿಲ್ಲ. ಹೊರಬದಿಯದು ಮಾತ್ರ ಚಲಿಸುತ್ತದೆ. ಕಡ್ಡಿಗಳ ಬದಿಯದು ನಿಂತಲ್ಲೇ ಇರುತ್ತದೆ. ಹೊರಪ್ಯಾಡು ತಟ್ಟೆಯನ್ನು ತುಸು ಬಾಗಿಸಿ ಒಳಪ್ಯಾಡಿಗೆ ಒತ್ತುತ್ತದೆ. ಆದ್ದರಿಂದ ಒಳಪ್ಯಾಡು ತಟ್ಟೆಗೆ ತಗಲದೆ, ಆದರೆ ಕಾಗದದ ಎಳೆಯಷ್ಟೇ ದೂರದಲ್ಲಿರಬೇಕು. ಅದನ್ನು ಹತ್ತಿರ ತರುವ ತಿರುಪು ಕಡ್ಡಿಗಳ ಕಡೆಯಲ್ಲಿದೆ. ಅಲೆನ್ ಕೀಯನ್ನು ಕಡ್ಡಿಗಳ ನಡುವೆ ತೂರಿಸಿ ತಿರುಗಿಸಬೇಕಾದ್ದರಿಂದ ಅವಸರದ ಕೈಗಳು ಅದನ್ನು ಮುಟ್ಟುವುದೇ ಇಲ್ಲ. ಅಂಗಡಿಯವರನ್ನು ನಾವು ದೂರುವುದಿಲ್ಲ. ಹತ್ತು ಸೈಕಲ್ಲು ಸಾಲಾಗಿ ನಿಂತಿರುವಾಗ ಕೇಬಲ್ಲು ಎಳೆದು ಕಳುಹಿಸುವುದು ಸಹಜ. ಸೈಕಲ್ಲಿನ ಒಡೆಯನೇ ಬಗ್ಗಿ ನೋಡಬೇಕಾದ ಕೆಲಸವಿದು.

ಕೇಬಲ್ಲನ್ನು ಸಡಿಲಿಸಿ, ತೋಳನ್ನು ಹಿಂದಕ್ಕೆ ಬಿಟ್ಟು, ಹಿಡಿಯ ಬಳಿಯ ತಿರುಪನ್ನು ಪೂರ್ತಿ ಒಳಕ್ಕೆ ಸೇರಿಸಿ, ಎರಡು ಪ್ಯಾಡುಗಳನ್ನೂ ತಟ್ಟೆಯ ಸಮೀಪಕ್ಕೆ ತಂದು ಮತ್ತೆ ಕಟ್ಟಿದೆವು. ಇದಕ್ಕೆ ಮೊದಲು ಹಿಂದಿನ ಚಕ್ರ ಚೌಕಟ್ಟಿನ ಸೀಳಿನಲ್ಲಿ ಸರಿಯಾಗಿ ಕುಳಿತಿದೆಯೇ ಎಂದು ನೋಡಿಕೊಂಡೆವು. ಬಸ್ಸಿಗೋ ಕಾರಿಗೋ ಹಾಕಲೆಂದು ಚಕ್ರ ಬಿಚ್ಚಿ ಮತ್ತೆ ಜೋಡಿಸಿದವರು ಓರೆಯಾಗಿ ಜೋಡಿಸಿದ್ದರೆ ತಟ್ಟೆಯೂ ಓರೆಯಾಗುತ್ತದೆ, ಆಮೇಲೆ ಕ್ಯಾಲಿಪರಿನ ಯಾವ ತಿರುಪನ್ನು ತಿರುಗಿಸಿದರೂ ಫಲವಿಲ್ಲ.

ಹಿಡಿ ಸುಧಾರಿಸಿತು, ಆದರೂ ಬೇಕಾದಷ್ಟು ಗಟ್ಟಿಯಾಗಲಿಲ್ಲ. ಅಮುಕಿದಾಗ ಕೇಬಲ್ಲಿನ ಹೊರಕವಚ ಹುಳುವಿನಂತೆ ಮಿಸುಕುತ್ತಿತ್ತು.

ಮುಂದಿನ ಬ್ರೇಕಿಗೂ ಹಿಂದಿನದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಮುಂದಿನ ಕೇಬಲ್ಲಿನ ದಾರಿ ಗಿಡ್ಡ. ಹಿಂದಿನದು ಹ್ಯಾಂಡಲ್ಲಿನಿಂದ ಹೊರಟು, ಚೌಕಟ್ಟಿನುದ್ದಕ್ಕೂ ಸಾಗಿ, ಹಿಂದಿನ ಗುಂಬದವರೆಗೆ ಒಂದು ಮೀಟರಿಗೂ ಮೀರಿದ ದಾರಿ ನಡೆಯುತ್ತದೆ. ಆ ಉದ್ದಕ್ಕೂ ಒಳತಂತಿ ಹೊರಕವಚವನ್ನು ಉಜ್ಜುತ್ತದೆ. ಸುರುಳಿ ಸುತ್ತಿದ ಹೊರಕವಚ ಕುಗ್ಗುತ್ತದೆ. ಕೈಯ ಬಲದ ಒಂದು ಭಾಗ ದಾರಿಯಲ್ಲೇ ಖರ್ಚಾಗುತ್ತದೆ. ಒಂದೇ ತಯಾರಿಕೆಯ ಎರಡು ಬ್ರೇಕುಗಳಿದ್ದರೂ ಹಿಂದಿನದು ಮೆತ್ತಗೆನಿಸುವುದು ಇದರಿಂದಲೇ. ಕವಚದ ತುದಿಯನ್ನು ಮೊಂಡು ಇಕ್ಕಳದಿಂದ ಓರೆಯಾಗಿ ಕತ್ತರಿಸಿದ್ದರೆ, ತುದಿಯ ಟೋಪಿ ಬಿದ್ದುಹೋಗಿದ್ದರೆ, ಎಲ್ಲಾದರೂ ತೀರಾ ಬಾಗಿ ಮುರಿದಂತಿದ್ದರೆ ನಷ್ಟ ಇನ್ನೂ ಹೆಚ್ಚು. ಗೂಡಲೂರಿನ ಕಡೆಯ ಮುಂಗಾರು ಮಳೆಯಾಗಲಿ, ನಮ್ಮ ಊರಿನ ಮಂಜಾಗಲಿ ಇದಕ್ಕೆ ಶತ್ರು. ಕ್ಯಾಲಿಪರಿನ ಹತ್ತಿರ ಕವಚ ತಗ್ಗಾಗಿ ಬಾಗುವಲ್ಲಿ ನೀರು ನಿಂತು ಒಳಗೇ ತುಕ್ಕು ಹಿಡಿಯುತ್ತದೆ. ಬಿಚ್ಚಿ ಎಳೆದಾಗ ನಮ್ಮ ಕೈಗೆ ಬಂದ ತಂತಿ ಆ ಭಾಗದಲ್ಲಿ ಇಟ್ಟಿಗೆಯ ಬಣ್ಣವಾಗಿತ್ತು.

ಹೊಸ ತಂತಿ, ಹೊಸ ಕವಚ ತರಿಸಿದೆವು. ಇಲ್ಲೊಂದು ಎಚ್ಚರಿಕೆಯ ಮಾತು. ಸೈಕಲ್ ಅಂಗಡಿಯಲ್ಲಿ ಗೇರಿಗೆ ಬೇರೆ ಕವಚ, ಬ್ರೇಕಿಗೆ ಬೇರೆ ಕವಚ ದೊರೆಯುತ್ತದೆ. ಸಾಮಾನ್ಯ ಗೇರು ಕವಚದಲ್ಲಿ ತಂತಿಗಳು ಉದ್ದಕ್ಕೆ ಸಾಗುತ್ತವೆ, ಸುರುಳಿಯಾಗಿರುವುದಿಲ್ಲ. ಬ್ರೇಕಿನ ಎಳೆತಕ್ಕೆ ಅದು ಸೀಳಿ ಬಿಚ್ಚಿಕೊಳ್ಳಬಹುದು. ಅಂಗಡಿಯಲ್ಲಿ ಬ್ರೇಕಿನದು ಇಲ್ಲವೆಂದು ಗೇರಿನದನ್ನು ಹಾಕಿಸಿಕೊಂಡು ಬರಬಾರದು. ಕುಗ್ಗದಂತೆ ಬ್ರೇಕಿಗೆಂದೇ ಮಾಡಿದ ಉತ್ತಮ ಕವಚವೂ ಇದೆ. ಬೆಲೆ ಹೆಚ್ಚಾದರೂ ಹಿಂದಿನ ಬ್ರೇಕಿಗೆ ಅದು ಸಾರ್ಥಕವಾದ ಖರ್ಚು. ಹಾಗೆಯೇ ಮುರಿದ ಹಿಡಿಯ ಜಾಗಕ್ಕೆ ಸಿಕ್ಕಿದ ಹಿಡಿಯನ್ನು ಹಾಕಿಸುವುದೂ ಸರಿಯಲ್ಲ. ಒಂದೊಂದು ಬಗೆಯ ಹಿಡಿ ಒಂದೊಂದು ಅಳತೆಯಷ್ಟು ಕೇಬಲ್ಲನ್ನು ಎಳೆಯುತ್ತದೆ. ಕ್ಯಾಲಿಪರಿಗೆ ಹೊಂದದಿದ್ದರೆ ಎಲ್ಲವೂ ಹೊಸದಾಗಿದ್ದೂ ಬ್ರೇಕು ಹಿಡಿಯುವುದಿಲ್ಲ.

ಎಣ್ಣೆಯ ಡಬ್ಬಿ

ಹೊಸ ಕೇಬಲ್ಲು ಕೂಡಿಸಿದ ಮೇಲೆ ಹಿಡಿ ಕಲ್ಲಿನಂತೆ ಗಟ್ಟಿಯಾಯಿತು. ನಾವು ಗೆದ್ದೆವೆಂದುಕೊಂಡೆವು. ಹುಡುಗ ತಳ್ಳಿದ, ಚಕ್ರ ‘ಗೂಂ’ ಎಂದು ಎಮ್ಮೆಯಂತೆ ಕೂಗುತ್ತ ನಿಧಾನವಾಗಿ ಉರುಳಿತು!

ಒಂದು ದೋಷದ ಬೆನ್ನಿನಲ್ಲಿ ಇನ್ನೊಂದು ಅಡಗಿ ಕುಳಿತಿತ್ತೆಂದು ಆಗ ಹೊಳೆಯಿತು. ಗಟ್ಟಿ ಹಿಡಿ, ಕೂಗುವ ತಟ್ಟೆ, ನಿಲ್ಲದ ಚಕ್ರ: ಮೂರೂ ಒಟ್ಟಿಗೆ ಬಂದರೆ ಎಣ್ಣೆಯನ್ನು ಶಂಕಿಸಬೇಕು. ಕೇಳಿದಾಗ ಹುಡುಗ ಮೊದಲು “ಎಣ್ಣೆ ಎಲ್ಲಿಂದ ಬರುತ್ತೆ ಮಾವ? ಡಿಸ್ಕಿಗೆ ಯಾರಾದರೂ ಎಣ್ಣೆ ಹಾಕ್ತಾರಾ?” ಎಂದ. ಡಿಸ್ಕಿಗೆ ಹಾಕಿರಲಿಲ್ಲ, ನಿಜ, ಸರಪಣಿಗೆ ಹಾಕಿದ್ದ. ಒತ್ತಿದರೆ ಸಿಂಪಡಿಸುವ ಡಬ್ಬಿಯಿಂದ. ಸರಪಣಿ ಬಲಗಡೆ, ತಟ್ಟೆ ಎಡಗಡೆ; ನಡುವೆ ಇರುವುದು ಕಡ್ಡಿಗಳು ಮಾತ್ರ. ತುಂತುರು ಕಡ್ಡಿಗಳ ಸಂದಿನಿಂದ ದಾಟಿ ತಟ್ಟೆಯ ಮೇಲೆ ಕಣ್ಣಿಗೆ ಕಾಣದ ಪದರವಾಗಿ ಕೂರುತ್ತದೆ. ಅದು ಸಾಲದೆಂಬಂತೆ ಸರಪಣಿ ಒರೆಸಿದ ಬಟ್ಟೆಯಲ್ಲೇ ತಟ್ಟೆಯನ್ನೂ ಫಳಫಳ ಹೊಳೆಯುವಂತೆ ಒರೆಸಿದ್ದನಂತೆ. ಸೈಕಲ್ಲನ್ನು ಶುಚಿಯಾಗಿಡುವ ಹುಡುಗನೆಂದು ನಮ್ಮ ಅಕ್ಕ ಹೊಗಳುತ್ತಿದ್ದುದು ಇದನ್ನೇ ಇರಬೇಕು.

ಸರಪಣಿಗೆ ಎಣ್ಣೆಯನ್ನು ತೊಟ್ಟು ತೊಟ್ಟಾಗಿ ಬಿಟ್ಟು ಹೆಚ್ಚಾದುದನ್ನು ಒರೆಸಬೇಕು. ಡಿಸ್ಕ್ ಬ್ರೇಕಿನ ಸೈಕಲ್ಲಿನ ಹತ್ತಿರ ಸಿಂಪಡಿಸುವ ಡಬ್ಬಿ ಸುಳಿಯದಿದ್ದರೆ ಒಳ್ಳೆಯದು. ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ಸೈಕಲ್ಲು ತೊಳೆಯುವ ಹಳೆಯ ರೂಢಿಯೂ ಇಲ್ಲಿ ಸಲ್ಲದು. ತಟ್ಟೆಯನ್ನು ಬರಿಗೈಯಿಂದ ಮುಟ್ಟುವುದೂ ಬೇಡ, ಬೆರಳಿನ ಜಿಡ್ಡೂ ಜಿಡ್ಡೇ.

ತಟ್ಟೆ ಉಕ್ಕು, ಅದನ್ನು ಶುಚಿ ಮಾಡಬಹುದು. ಔಷಧಿ ಅಂಗಡಿಯಲ್ಲಿ ದೊರೆಯುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಹೊಸ ಬಟ್ಟೆಗೆ ಹಾಕಿ, ಬಟ್ಟೆಯ ಮಗ್ಗುಲು ಬದಲಿಸುತ್ತ, ಕಪ್ಪು ಹತ್ತುವುದು ನಿಲ್ಲುವವರೆಗೆ ಒರೆಸಿದೆವು. ಪ್ಯಾಡು ಹಾಗಲ್ಲ. ಅದರ ಮೈ ಸೂಕ್ಷ್ಮ ರಂಧ್ರಗಳಿಂದ ಕೂಡಿದ್ದು ಎಣ್ಣೆಯನ್ನು ಹೀರಿಕೊಳ್ಳುತ್ತದೆ. ನಮ್ಮಲ್ಲೂ ಜಿಪುಣತನ ಇಣುಕಿತೆಂದು ಒಪ್ಪಿಕೊಳ್ಳುತ್ತೇವೆ. ಹೊಸ ಪ್ಯಾಡು ಏಕೆಂದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮರಳುಕಾಗದವನ್ನು ಒದ್ದೆ ಮಾಡಿ ಮೇಲ್ಪದರವನ್ನು ಉಜ್ಜಿ ತೆಗೆದೆವು. ಸಂಜೆ ಚಕ್ರ ಕಚ್ಚಿ ನಿಂತಿತು. ಮರುದಿನ ಬೆಳಿಗ್ಗೆ ಮನೆಯ ಮುಂದಿನ ಇಳಿಜಾರನ್ನು ಎರಡು ಸಲ ಇಳಿದದ್ದೇ ತಡ, ಪ್ಯಾಡು ಬಿಸಿಯಾಗಿ ಒಳಗಿನ ಎಣ್ಣೆ ಮೇಲೆ ಬಂದು ಮತ್ತೆ ‘ಗೂಂ’. ಈ ಪರೀಕ್ಷೆ ಕಲ್ಹಟ್ಟಿಯ ಹತ್ತನೆಯ ತಿರುವಿನಲ್ಲಿ ನಡೆಯಲಿಲ್ಲವಲ್ಲ ಎಂದು ದೇವರಿಗೆ ಕೈಮುಗಿದು ಮೈಸೂರಿಗೆ ಫೋನು ಮಾಡಿ ಪ್ಯಾಡು ತರಿಸಿದೆವು. ಪ್ಯಾಡುಗಳ ಆಕಾರ ನೂರೆಂಟು. ಹಳೆಯದರ ಚಿತ್ರ ತೆಗೆದು ಕಳುಹಿಸದಿದ್ದರೆ ಬೇರೆಯದೇ ಬಂದೀತು.

ಹೊಸ ಪ್ಯಾಡು ಕೊಳ್ಳುವಾಗ ರಾಳದ್ದೋ ಲೋಹದ್ದೋ ಎಂಬ ಪ್ರಶ್ನೆ ಏಳುತ್ತದೆ. ರಾಳದ್ದು ಮೃದು, ಸದ್ದು ಕಡಿಮೆ, ತಣ್ಣಗಿದ್ದಾಗಲೂ ಚೆನ್ನಾಗಿ ಹಿಡಿಯುತ್ತದೆ. ಆದರೆ ಮಳೆಯಲ್ಲಿ ಬೇಗ ಸವೆಯುತ್ತದೆ, ಉದ್ದನೆಯ ಇಳಿಜಾರಿನ ಶಾಖಕ್ಕೆ ಬಳಲುತ್ತದೆ. ಲೋಹದ್ದು ಶಾಖವನ್ನೂ ಕೆಸರನ್ನೂ ತಾಳುತ್ತದೆ, ಕೂಗಾಟ ಹೆಚ್ಚು. ಬೆಟ್ಟದವರಿಗೆ ಲೋಹದ್ದೇ ಮೇಲೆಂದು ನಮಗೆ ತೋರುತ್ತದೆ. ಆದರೆ ಅಗ್ಗದ ಕೆಲವು ತಟ್ಟೆಗಳ ಮೇಲೆ ರೆಸಿನ್ ಪ್ಯಾಡ್ ಮಾತ್ರ ಬಳಸಬೇಕೆಂದು ಕೊರೆದಿರುತ್ತಾರೆ. ಅಂಥದಕ್ಕೆ ಲೋಹದ್ದನ್ನು ಹಾಕಿದರೆ ತಟ್ಟೆಯೇ ಬೇಗ ಸವೆದುಹೋಗುತ್ತದೆ. ತಟ್ಟೆಗೂ ಆಯುಷ್ಯವಿದೆ. ಎಷ್ಟು ತೆಳುವಾಗುವವರೆಗೆ ಬಳಸಬಹುದೆಂಬ ಅಳತೆಯನ್ನು ಸಾಮಾನ್ಯವಾಗಿ ಅದರ ಮೇಲೇ ಬರೆದಿರುತ್ತಾರೆ; ಹಲವು ತಟ್ಟೆಗಳಲ್ಲಿ ಅದು 1.5 ಮಿಲಿಮೀಟರ್. ಪ್ಯಾಡಿನ ಉಜ್ಜುವ ಪದರ ಅರ್ಧ ಮಿಲಿಮೀಟರಿಗೆ ಇಳಿಯಿತೆಂದರೆ ಬದಲಿಸಲೇಬೇಕು. ಘಾಟಿ ಇಳಿಯುವವರು ಅಲ್ಲಿಯವರೆಗೂ ಕಾಯಬಾರದು.

ಎಣ್ಣೆಯ ಕೊಳವೆಯ ಬ್ರೇಕುಳ್ಳವರಿಗೆ ಒಂದೆರಡು ಮಾತು. ಅಲ್ಲಿ ಹಿಡಿ ಸ್ಪಂಜಿನಂತೆ ಮೆತ್ತಗಾದರೆ ಕೊಳವೆಯೊಳಗೆ ಗಾಳಿ ಸೇರಿದೆ. ಗಾಳಿಯನ್ನು ಹೊರಡಿಸುವ ಕೆಲಸವನ್ನು ಬಲ್ಲವರ ಕೈಯಲ್ಲೇ ಮಾಡಿಸಬೇಕು. ಕೆಲವು ತಯಾರಿಕೆಗಳಿಗೆ ಖನಿಜ ತೈಲ, ಕೆಲವಕ್ಕೆ ಮೋಟಾರುಗಾಡಿಯಲ್ಲಿ ಬಳಸುವ ಡಾಟ್ ದ್ರವ. ಒಂದಕ್ಕೆ ಇನ್ನೊಂದನ್ನು ಹಾಕಿದರೆ ಒಳಗಿನ ರಬ್ಬರು ಉಬ್ಬಿ ಕೆಡುತ್ತದೆ. ಬೈಕಿನ ಅಂಗಡಿಯಲ್ಲಿ ಸಿಕ್ಕಿದ ದ್ರವವನ್ನು ಕಣ್ಣುಮುಚ್ಚಿ ಸುರಿಸಿದವರು ಪಶ್ಚಾತ್ತಾಪ ಪಡುತ್ತಾರೆ. ಚಕ್ರ ಬಿಚ್ಚಿಟ್ಟಾಗ ಮಕ್ಕಳು ಹಿಡಿಯನ್ನು ಅಮುಕದಂತೆ ನೋಡಿಕೊಳ್ಳಬೇಕು, ಅಮುಕಿದರೆ ನಡುವೆ ತಟ್ಟೆಯಿಲ್ಲದ ಪ್ಯಾಡುಗಳು ಒಂದಕ್ಕೊಂದು ಅಂಟಿ ಕೂರುತ್ತವೆ.

ಹೊಸ ಪ್ಯಾಡು ಬಂದು ಕೂಡಿಸಿದ ದಿನವೇ ಹೊರಡುತ್ತೇನೆಂದು ಹುಡುಗ ಚೀಲ ಕಟ್ಟಿದ. ನಾವು ಬಿಡಲಿಲ್ಲ. ಹೊಸ ಪ್ಯಾಡು ತಟ್ಟೆಗೆ ಹೊಂದಿಕೊಳ್ಳದೆ ಪೂರ್ಣ ಹಿಡಿತ ಬರುವುದಿಲ್ಲ. ಸರೋವರದ ಬದಿಯ ರಸ್ತೆಯಲ್ಲಿ, ಜನಸಂಚಾರವಿಲ್ಲದ ಬೆಳಗಿನ ಹೊತ್ತು, ಸುಮಾರು 20 ಕಿಲೋಮೀಟರ್ ವೇಗಕ್ಕೆ ಏರಿಸುವುದು, ಹಿಂದಿನ ಬ್ರೇಕನ್ನು ಮಾತ್ರ ಸಮವಾಗಿ ಹಿಡಿದು, ಚಕ್ರ ಕಚ್ಚದಂತೆ, ನಡಿಗೆಯ ವೇಗಕ್ಕೆ ಇಳಿಸುವುದು, ಬಿಡುವುದು, ಮತ್ತೆ ಏರಿಸುವುದು: ಹೀಗೆ ಇಪ್ಪತ್ತು ಸಲ ಮಾಡಿಸಿದೆವು. ಹನ್ನೆರಡನೆಯ ಸಲದ ಹೊತ್ತಿಗೆ ವ್ಯತ್ಯಾಸ ಅವನಿಗೇ ತಿಳಿಯಿತು. ಇಪ್ಪತ್ತು ಮುಗಿದ ಮೇಲೆ ತಳ್ಳಿ ನೋಡಿದರೆ ಟೈರು ರಸ್ತೆಯ ಮೇಲೆ ಕರಿಯ ಗೆರೆ ಎಳೆಯಿತು.

ಇಳಿಯುವ ರೀತಿಯನ್ನೂ ಅಲ್ಲೇ ಹೇಳಿದೆವು. ಘಾಟಿಯುದ್ದಕ್ಕೂ ಬ್ರೇಕನ್ನು ಅರೆಬಿಗಿಯಾಗಿ ಹಿಡಿದೇ ಇಳಿದರೆ ಪ್ಯಾಡು ಕಾದು, ಮೈ ಗಾಜಿನಂತೆ ನುಣುಪಾಗಿ, ಹಿಡಿತ ಕಳೆದುಕೊಳ್ಳುತ್ತದೆ. ತಿರುವಿಗೆ ಮುನ್ನ ನೇರ ದಾರಿಯಲ್ಲೇ ಎರಡನ್ನೂ ಚೆನ್ನಾಗಿ ಹಿಡಿದು ವೇಗ ತಗ್ಗಿಸಿ, ಬಳಿಕ ಬಿಟ್ಟು ತಟ್ಟೆಗೆ ಗಾಳಿಯಾಡಲು ಅವಕಾಶ ಕೊಡಬೇಕು. ನಡುನಡುವೆ ನಿಲ್ಲಬೇಕು. ನಿಂತಾಗ ತಟ್ಟೆಯನ್ನು ಮುಟ್ಟಿದರೆ ಬೆರಳು ಸುಡುತ್ತದೆ. ಅದರ ಮೇಲೆ ನೀರು ಸುರಿದರೆ ತಟ್ಟೆ ಸೊಟ್ಟಗಾಗುತ್ತದೆ. ತಟ್ಟೆಗೆ ನೀಲಿ ಛಾಯೆ ಬಂದಿದ್ದರೆ ಮಿತಿಮೀರಿ ಕಾದಿದೆಯೆಂದು ತಿಳಿಯಬೇಕು.

ಕೊನೆಗೂ ಕಲ್ಹಟ್ಟಿಗೆ ನಾವು ಒಪ್ಪಿಗೆ ಕೊಡಲಿಲ್ಲ. ಹೊಸ ಬ್ರೇಕಿನ ಮೊದಲ ದೀರ್ಘ ಇಳಿತ ಅದಾಗುವುದು ಬೇಡವೆಂದು, ಪೈಕಾರ, ನಡುವಟ್ಟಂಗಳ ಮೇಲಿನ ಗೂಡಲೂರು ದಾರಿಯಲ್ಲಿ ಕಳುಹಿಸಿದೆವು. ಅದೂ 50 ಕಿಲೋಮೀಟರಿನ ಘಾಟಿಯೇ, ಆದರೆ ಇಳಿತ ಅಷ್ಟು ಕಡಿದಲ್ಲ. ಗೂಡಲೂರಿನಿಂದ ಮುಂದೆ ಮುದುಮಲೆ, ಬಂಡೀಪುರಗಳ ಕಾಡು. ಅಲ್ಲಿ ಸೈಕಲ್ಲು ಬೇಡ, ಬಸ್ಸಿಗೆ ಹಾಕಿಸಿಕೊಂಡು ಹೋಗೆಂದು ಮಾತು ತೆಗೆದುಕೊಂಡಿದ್ದೆವು. ಮಧ್ಯಾಹ್ನ ಗೂಡಲೂರಿನ ಬಸ್ ನಿಲ್ದಾಣದಿಂದ ಫೋನು ಬಂತು.

“ನಡುವಟ್ಟಂ ದಾಟಿದ ಮೇಲೆ ಮೂರು ಕಡೆ ನಿಲ್ಲಿಸಿದೆ ಮಾವ. ಒಂದು ಕಡೆ ತಿರುವಿನಲ್ಲಿ ಲಾರಿ ಎದುರಿಗೆ ಬಂತು. ಹಿಂದಿನದು ಹಿಡೀತು.”

ಲಾರಿಯ ಸಂಗತಿಯನ್ನು ಅಕ್ಕನಿಗೆ ನಾವು ಹೇಳಿಲ್ಲ. ಕಲ್ಹಟ್ಟಿಗೆ ದಸರಾ ರಜೆಯಲ್ಲಿ ಬರುತ್ತಾನಂತೆ. ಬರುವಾಗ ಒಂದು ಜೊತೆ ಪ್ಯಾಡು ಹೆಚ್ಚಾಗಿ ತರಲು ಹೇಳಿದ್ದೇವೆ.